ಅತ್ತೆಗೆ ಹೋದ ತಲೆನೋವು

ದೃಷ್ಟಿ ತೆಗೆಯುವುದು, ನಿವಾಳಿಸುವುದು, ತಾಯಿತ ಕಟ್ಟಿಸುವುದು ಇವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಇವತ್ತಿಗೂ ಇಲ್ಲ. ಹಿರಿಯೂರಿನ ನಮ್ಮ ಮನೆಯಲ್ಲಿ ಅಪ್ಪ ಇಂಥದ್ದನ್ನೆಲ್ಲ ನಗುತ್ತಲೇ ತಳ್ಳಿಹಾಕುತ್ತಿದ್ದರು. ಕಾಲೇಜಿನಲ್ಲಿ ನಾನು ಓದಿದ್ದೂ ವಿಜ್ಞಾನವೇ. ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಬಂದರೆ, ಪಾಪ, ಏನೋ ಕಂಡು ಏನೋ ಅಂದುಕೊಂಡಿದ್ದಾರೆ ಎಂದು ಸುಮ್ಮನೆ ತಲೆಯಾಡಿಸುತ್ತಿದ್ದೆ. ನನ್ನದನ್ನು ಓದಿ ನೀವೂ ಹಾಗೆಯೇ ಅಂದುಕೊಂಡರೆ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ಮದುವೆಯಾಗಿ ಹೊಳಲ್ಕೆರೆಗೆ ಬಂದ ಮರುವರ್ಷವೇ ನನಗೆ ಚಿತ್ರದುರ್ಗದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ ಸಿಕ್ಕಿತು. ಆ ಮನೆಯಿಂದ ಹೊರಗೆ ಕೆಲಸಕ್ಕೆ ಹೋದ ಮೊದಲ ಹೆಂಗಸು ನಾನು. ನನ್ನ ಗಂಡ ರಾಮಗಿರಿಯ ಶಾಲೆಯಲ್ಲಿ ಮೇಷ್ಟರು. ಬೆಳಿಗ್ಗೆ ಅವರೊಂದು ಬಸ್ಸು, ನಾನೊಂದು ಬಸ್ಸು. ಮನೆಯಲ್ಲಿ ಉಳಿಯುತ್ತಿದ್ದವರು ಅತ್ತೆ ಒಬ್ಬರೇ.

ಊರಿಂದೂರಿಗೆ ಮಾತಾಡಬೇಕಾದರೆ ಆಗ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಹೊಸದುರ್ಗದ ತೆಂಗಿನಕಾಯಿ ವ್ಯಾಪಾರದವರು ತಿಪಟೂರು ಕೇಳುವರು, ಚಿತ್ರದುರ್ಗದ ಎಣ್ಣೆ ಗಿರಣಿಯವರು ಬೊಂಬಾಯಿ ಕೇಳುವರು. ಚೀಟಿಯಲ್ಲಿ ನಂಬರು ಬರೆದುಕೊಂಡು, ಬೋರ್ಡಿನಲ್ಲಿ ವಯರು ಚುಚ್ಚಿ ಜೋಡಿಸಿಕೊಡುವುದು ನಮ್ಮ ಕೆಲಸ. ಒಳಗಿನ ಯಂತ್ರಗಳಿಗೆ ಧೂಳು, ಸೆಕೆ ಆಗುವುದಿಲ್ಲ ಎಂದು ಆ ದೊಡ್ಡ ಹಾಲ್‌ಗೆ ಎ.ಸಿ. ಹಾಕಿದ್ದರು. ನಮ್ಮ ಬೋರ್ಡೂ ಅದೇ ಹಾಲಿನಲ್ಲಿ ಇದ್ದದ್ದರಿಂದ ಯಂತ್ರಗಳ ಜೊತೆ ನಮಗೂ ತಂಪು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕಾಲಿಟ್ಟರೆ ನೆಲದ ತಂಪಿಗೆ ಅಂಗಾಲು ಜುಂ ಎನ್ನುತ್ತಿತ್ತು. ಸುಡುವ ಬೇಸಿಗೆಯಲ್ಲಿ ನಾನು ಚೀಲದಲ್ಲಿ ಸ್ವೆಟರ್ ಇಟ್ಟುಕೊಂಡು ಹೋಗುವುದನ್ನು ನೋಡಿ ಬಸ್ಸಿನವರು ನಗುತ್ತಿದ್ದರು.

ನನಗೆ ಅರೆತಲೆನೋವು ಚಿಕ್ಕಂದಿನಿಂದಲೂ ಇತ್ತು. ಹಿರಿಯೂರಿನ ಬಿಸಿಲಿನಲ್ಲಿ ಶಾಲೆಯಿಂದ ನಡೆದುಬಂದ ದಿನ ಬರುತ್ತಿತ್ತು, ಮಲಗಿದರೆ ಹೋಗುತ್ತಿತ್ತು. ಎಕ್ಸ್‌ಚೇಂಜಿಗೆ ಸೇರಿದ ಮೇಲೆ ಅದು ಬೇರೆಯೇ ಆಯಿತು. ಎ.ಸಿ.ಯಿಂದ ಆಗಾಗ ಬಂದು ಹೋದರೂ ಮಳೆಗಾಲ, ಚಳಿಗಾಲ ಹೇಗೋ ಕಳೆದವು. ಶಿವರಾತ್ರಿ ಆಗಿ ಬಿಸಿಲು ಏರಿದ್ದೇ ತಡ, ಬಸ್‌ಸ್ಟ್ಯಾಂಡಿನಿಂದ ಬೆವರು ಸುರಿಸಿಕೊಂಡು ನಡೆದು ಆ ತಣ್ಣನೆಯ ಹಾಲಿನಲ್ಲಿ ಕೂತ ಸ್ವಲ್ಪ ಹೊತ್ತಿಗೆ ಶುರುವಾಗುತ್ತಿತ್ತು. ಮೊದಲು ಕಣ್ಣ ಮುಂದೆ ಮಿಣಮಿಣ ಮಿಂಚುವ ಒಂದು ಗೆರೆ ಏಳುತ್ತದೆ. ಗರಗಸದಂತೆ ಹಲ್ಲುಹಲ್ಲಾಗಿ ಬಾಗುತ್ತ ಬಾಗುತ್ತ ದೊಡ್ಡದಾಗುತ್ತದೆ. ಆಮೇಲೆ ನೋಡಿದ್ದರಲ್ಲಿ ಅರ್ಧ ಕಾಣುವುದಿಲ್ಲ. ಆ ಬೆಳಕು ಹೋಗುತ್ತಿದ್ದಂತೆ ಎಡಗಣ್ಣಿನ ಹಿಂದಿನಿಂದ ನೋವು ಹೊರಡುತ್ತದೆ, ಜೊತೆಗೆ ವಾಂತಿ.

ಈ ಬೆಳಕಿನ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ತಲೆನೋವು ಅಂದರೆ ಜನಕ್ಕೆ ಅರ್ಥವಾಗುತ್ತದೆ. ಕಣ್ಣ ಮುಂದೆ ಬೆಳಕು ಕುಣಿಯುತ್ತದೆ, ಎದುರಿಗಿದ್ದವರ ಮುಖ ಅರ್ಧ ಮಾಯವಾಗುತ್ತದೆ ಅಂದರೆ ಮೈಮೇಲೆ ಏನೋ ಬಂದಿದೆ ಎಂದು ಎಲ್ಲಿಗಾದರೂ ಕರೆದುಕೊಂಡು ಹೋದಾರು ಎಂಬ ಭಯ. ಚಿತ್ರದುರ್ಗದಲ್ಲಿ ತೋರಿಸಿದ ಡಾಕ್ಟರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವರು, "ಇದಕ್ಕೆ ಮೈಗ್ರೇನ್ ಅಂತಾರಮ್ಮ. ಕೆಲವರಿಗೆ ಬಿಸಿಲು ಆಗಲ್ಲ, ಕೆಲವರಿಗೆ ಎ.ಸಿ. ಆಗಲ್ಲ. ನಿಮಗೆ ಒಂದರಿಂದ ಇನ್ನೊಂದಕ್ಕೆ ಹೋಗೋದೇ ಆಗಲ್ವೇನೋ. ಇದೇ ಕಾರಣ ಅಂತ ನಾನು ಖಂಡಿತವಾಗಿ ಹೇಳಲಾರೆ. ಎರಡರಿಂದಲೂ ದೂರ ಇದ್ದು ನೋಡಿ" ಎಂದು ಮಾತ್ರೆ ಬರೆದುಕೊಟ್ಟರು. ಬೇಸಿಗೆಯ ಚಿತ್ರದುರ್ಗದಲ್ಲಿ ಆ ಕೆಲಸ ಇಟ್ಟುಕೊಂಡು ಎರಡರಿಂದಲೂ ದೂರ ಇರುವುದು ಹೇಗೆ ಎಂದು ಅವರೂ ಹೇಳಲಿಲ್ಲ.

ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ರಜೆ ಮೇಲೆ ರಜೆ ಆಗಿತ್ತು. ಯುಗಾದಿ ಕಳೆದ ಸ್ವಲ್ಪ ದಿನಕ್ಕೆ ಒಂದು ಬೆಳಿಗ್ಗೆ ಚೀಟಿಯ ಮೇಲಿನ ಅಕ್ಷರದಲ್ಲಿ ಅರ್ಧ ಕಾಣದೆ, ಹಿರಿಯೂರು ಕೇಳಿದವರಿಗೆ ಹೊಸದುರ್ಗ ಕೊಟ್ಟುಬಿಟ್ಟೆ. ಆ ಕಡೆಯವರು ಕೂಗಾಡಿದರು. ನಮ್ಮ ಸೂಪರ್‌ವೈಸರ್ ಕೆಟ್ಟವರಲ್ಲ. ನನ್ನ ಮುಖ ನೋಡಿ, "ಮನೆಗೆ ಹೋಗಮ್ಮ. ಆದರೆ ಇನ್ನೊಂದ್ಸಲ ಹಿಂಗಾದ್ರೆ ನಾನು ಮೇಲೆ ಬರೀಲೇಬೇಕಾಗ್ತದೆ" ಅಂದರು. ಬರೆದರೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

ಈಗ ಅತ್ತೆಯ ವಿಷಯ ಹೇಳಬೇಕು. ಅವರ ತವರು ಹೊಸದುರ್ಗದ ಕಡೆ ಒಂದು ಹಳ್ಳಿ, ಕುರಿ ಕಾಯುವ ಮನೆತನ. ಹುಡುಗಿಯಾಗಿದ್ದಾಗ ಬೆಳಗಿನಿಂದ ಬೈಗಿನವರೆಗೆ ಕುರಿ ಹಿಂದೆ ಬಿಸಿಲಿನಲ್ಲಿ ತಿರುಗಿದವರು. ತಲೆನೋವು ಅಂದರೇನೆಂದೇ ಅವರಿಗೆ ಗೊತ್ತಿರಲಿಲ್ಲ. ನಾನು ಮಲಗಿದಾಗಲೆಲ್ಲ ಪಕ್ಕದ ಮನೆಯವರ ಹತ್ತಿರ, "ಕುರ್ಚಿ ಮ್ಯಾಲೆ ಕುಂತು ತಣ್ಣನೆ ಗಾಳೀಲಿ ಮಾತಾಡಿ ಬರಾಕೆ ತಲೆನೋವಂತೆ" ಎನ್ನುತ್ತಿದ್ದದ್ದು ನನ್ನ ಕಿವಿಗೂ ಬೀಳುತ್ತಿತ್ತು. ನಮ್ಮಿಬ್ಬರ ನಡುವೆ ಜಗಳವಿರಲಿಲ್ಲ, ಸಲಿಗೆಯೂ ಇರಲಿಲ್ಲ. ಮದುವೆಯ ಶಾಸ್ತ್ರಗಳನ್ನು ಬಿಟ್ಟರೆ ಅವರು ನನ್ನನ್ನು ಮುಟ್ಟಿದ್ದೇ ನೆನಪಿಲ್ಲ.

ಅವತ್ತು ಮಧ್ಯಾಹ್ನದ ಬಸ್ಸಿನಲ್ಲಿ ಬಂದವಳೇ ನಡುಮನೆಯ ನೆಲದ ಮೇಲೆ ಒರಗಿಬಿಟ್ಟೆ. ದಾರಿಯಲ್ಲೇ ಎರಡು ಸಲ ವಾಂತಿಯಾಗಿತ್ತು. ಅತ್ತೆ ಮೊರದ ತುಂಬ ಕಡಲೆಕಾಯಿ ಸುಲಿಯುತ್ತ ಕೂತಿದ್ದರು. ಸಿಪ್ಪೆ ಒಡೆಯುವ ಒಂದೊಂದು ಸದ್ದೂ ನನಗೆ ತಲೆಯೊಳಗೇ ಒಡೆದಂತೆ ಕೇಳುತ್ತಿತ್ತು. ತಡೆಯಲಾರದೆ, "ಅತ್ತೆ, ಸ್ವಲ್ಪ ಹೊತ್ತು ನಿಲ್ಲಿಸ್ರಿ, ಕೈ ಮುಗೀತೀನಿ" ಎಂದು ಅತ್ತುಬಿಟ್ಟೆ. ಅವರ ಮುಂದೆ ನಾನು ಅತ್ತದ್ದು ಅದೇ ಮೊದಲು.

ಅವರು ಮೊರ ಸರಿಸಿ ಎದ್ದು ಬಂದರು. ಪ್ರೀತಿಯಿಂದ ಬಂದರು ಎಂದು ಹೇಳಲಾರೆ, ರೇಗಿಕೊಂಡೇ ಬಂದರು. "ಏನವ್ವಾ ಇದು ದಿನಾ ಇದೇ ಆಯ್ತಲ್ಲ. ಎಲ್ಲೈತೆ ತೋರ್ಸು ನೋಡಾಣ" ಅಂದರು. ನಾನು ಎಡಗಣ್ಣಿನ ಪಕ್ಕ ಬೆರಳಿಟ್ಟೆ. ಅವರು ಕಡಲೆಕಾಯಿ ಧೂಳಿದ್ದ ಒರಟು ಅಂಗೈಯನ್ನು ಅಲ್ಲಿಟ್ಟು ಒತ್ತಿದರು. ಮಂತ್ರ ಇಲ್ಲ, ಬೂದಿ ಇಲ್ಲ, ದೇವರ ಹೆಸರೂ ಇಲ್ಲ.

"ಸುಡ್ತೈತಲ್ಲೇ," ಅಂದರು. ಅಂಗೈ ತೆಗೆಯದೆ, "ಹಿಂಗ್ ಬಡ್ಕಂತೈತಾ? ಡಬಡಬ ಅಂತ?"

ಹೌದೆಂದೆ. ಹೌದು ಎನ್ನುವಾಗಲೇ ಏನೋ ಆಯಿತು. ನೋವು ಕಡಿಮೆಯಾಯಿತು ಅಂದರೆ ಸುಳ್ಳಾಗುತ್ತದೆ. ನನ್ನ ಅರೆತಲೆನೋವು ಹೋಗಬೇಕಾದರೆ ನಿದ್ದೆ ಬರಬೇಕು, ಎದ್ದ ಮೇಲೂ ತಲೆ ಭಾರ ಇರಬೇಕು. ಅವತ್ತು ಹಾಗಲ್ಲ. ಹೊತ್ತಿದ್ದ ಕೊಡವನ್ನು ಯಾರೋ ತಲೆಯಿಂದ ಎತ್ತಿ ಇಳಿಸಿಕೊಂಡಂತೆ ಒಮ್ಮೆಗೇ ಇಲ್ಲವಾಯಿತು. ಕಣ್ಣು ಬಿಟ್ಟೆ. ಗವಾಕ್ಷಿಯ ಬೆಳಕು ಚುಚ್ಚಲಿಲ್ಲ. ಎದ್ದು ಕೂತೆ.

ಅತ್ತೆ ಮಾತ್ರ ಗೋಡೆಗೆ ಒರಗಿ ಕುಸಿದಿದ್ದರು. ಎಡಗಣ್ಣನ್ನು ಕೈಯಿಂದ ಮುಚ್ಚಿಕೊಂಡಿದ್ದರು. "ಏನೋ ಮಿಣಮಿಣ ಅಂತೈತೆ ಕಣವ್ವಾ. ಕೋಟೆ ಗೋಡೆ ಮ್ಯಾಲಿನ ತೆನೆ ಇದ್ದಂಗೆ, ಹಲ್ಲು ಹಲ್ಲು. ತಿರುಗ್ತಾ ಐತೆ," ಅಂದರು. ಆಮೇಲೆ ನನ್ನ ಕಡೆ ನೋಡಿ, ಹೆದರಿದ ಧ್ವನಿಯಲ್ಲಿ, "ನಿನ್ನ ಮುಖ ಅರ್ಧ ಇಲ್ಲ ಕಣೇ" ಅಂದರು.

ಅದನ್ನು ಕಂಡವರಲ್ಲದೆ ಬೇರೆಯವರು ಹೇಳಲು ಸಾಧ್ಯವಿಲ್ಲದ ಮಾತು ಅದು. ಬಚ್ಚಲಿಗೆ ಕರೆದುಕೊಂಡು ಹೋದೆ, ವಾಂತಿ ಮಾಡಿದರು. ನೋವು ಬಂದಾಗ ನಾನು ಹಾಕಿಕೊಳ್ಳುತ್ತಿದ್ದ ಬಟ್ಟೆಯನ್ನು ನೆನೆಸಿ ಅವರ ಹಣೆಗೆ ಹಾಕಿ, ಬಾಗಿಲು ಮುಚ್ಚಿ, ಪಕ್ಕದಲ್ಲಿ ಕೂತೆ. ದೀಪ ಹಚ್ಚುವ ಹೊತ್ತಿಗೆ ಅವರಿಗೆ ನಿದ್ದೆ ಬಂತು.

ಗಂಡನಿಗೆ ಹೇಳಿದೆ. ಅವರು, "ನೀನು ಯಾವಾಗಲೋ ನಿದ್ದೆಗಣ್ಣಲ್ಲಿ ಬಡಬಡಿಸಿರ್ತೀಯ, ಅವ್ವ ಕೇಳಿಸಿಕೊಂಡಿರ್ತಾಳೆ. ಈ ಬಿಸಿಲಿಗೆ ಅವಳಿಗೂ ತಲೆ ತಿರುಗಿರ್ತದೆ" ಅಂದರು. ಇರಬಹುದು ಎಂದು ನಾನೂ ಒಪ್ಪಿಕೊಂಡೆ. ಒಪ್ಪಿಕೊಳ್ಳಲು ಮನಸ್ಸಿತ್ತು.

ಆದರೆ ಅವತ್ತಿನಿಂದ ನನಗೆ ಅರೆತಲೆನೋವು ಬರಲಿಲ್ಲ. ಅದೇ ಬಿಸಿಲಲ್ಲಿ ನಡೆದೆ, ಅದೇ ತಣ್ಣನೆಯ ಹಾಲಿನಲ್ಲಿ ಕೂತೆ, ಏನೂ ಆಗಲಿಲ್ಲ. ಮನೆಗೆ ಬಂದರೆ ಅತ್ತೆ ಕತ್ತಲೆ ಮಾಡಿಕೊಂಡು ಮಲಗಿರುತ್ತಿದ್ದರು. ದಿನಾ ಅಲ್ಲ, ನನಗೆ ಬರುತ್ತಿದ್ದ ಹಾಗೆ ವಾರಕ್ಕೆ ಒಂದೋ ಎರಡೋ ಸಲ. ಯಾವಾಗ ಶುರುವಾಯಿತು ಎಂದು ಕೇಳಿದರೆ ನಾನು ಡ್ಯೂಟಿಗೆ ಕೂತು ಸ್ವಲ್ಪ ಹೊತ್ತಿನ ಸಮಯ ಹೇಳುತ್ತಿದ್ದರು. ಒಮ್ಮೆ ನನ್ನ ಜೊತೆಯವಳು ತಮ್ಮನನ್ನು ಸಿರಿಗೆರೆಯ ಶಾಲೆಗೆ ಸೇರಿಸಲು ಸಂಜೆಯ ಬಸ್ಸಿಗೇ ಹೊರಡಬೇಕೆಂದು ನನ್ನೊಡನೆ ಡ್ಯೂಟಿ ಬದಲಾಯಿಸಿಕೊಂಡಳು. ಏನಾಗುತ್ತದೋ ನೋಡೋಣ ಎಂದು ಅತ್ತೆಗೆ ಅದನ್ನು ಹೇಳಲಿಲ್ಲ. ಬೆಳಿಗ್ಗೆ ಎಂದಿನಂತೆ ಮನೆ ಬಿಟ್ಟೆ, ಹಗಲೆಲ್ಲ ಅವಳ ಮನೆಯಲ್ಲಿದ್ದು ಸಂಜೆ ಡ್ಯೂಟಿಗೆ ಕೂತೆ. ಅವತ್ತು ಅತ್ತೆಗೆ ಬೆಳಿಗ್ಗೆಯೆಲ್ಲ ಏನೂ ಇಲ್ಲ. ಸಂಜೆ ಒಲೆ ಹಚ್ಚಲು ಕೂತವರು ಹಾಗೇ ಹೋಗಿ ಮಲಗಿದರಂತೆ.

ಆಷಾಢ ಬಂದು ಗಾಳಿ ಎದ್ದಿತು. ಹೊಳಲ್ಕೆರೆಯಲ್ಲಿ ಹೊದ್ದುಕೊಂಡು ಕೂರುವಂಥ ಚಳಿ. ಆದರೂ ಅತ್ತೆಯ ತಲೆನೋವು ನಿಂತಿರಲಿಲ್ಲ, ನನ್ನ ಗಂಡ ಹೇಳುತ್ತಿದ್ದ ಬಿಸಿಲಿನ ಕಾರಣ ಇನ್ನು ನಡೆಯುವಂತಿರಲಿಲ್ಲ. ಅವರು ಹುಟ್ಟಿದಾರಭ್ಯ ಎ.ಸಿ. ನೋಡಿದವರೇ ಅಲ್ಲ. ಎ.ಸಿ. ಇದ್ದದ್ದು ಚಿತ್ರದುರ್ಗದಲ್ಲಿ, ಅದರ ಮುಂದೆ ಕೂತವಳು ನಾನು.

ಒಂದು ದಿನ ಬಾಯಿ ಬಿಟ್ಟು ಹೇಳಿದೆ. "ಅತ್ತೆ, ನಾನು ಕೆಲಸ ಬಿಡ್ತೀನಿ."

ಅವರು ಕಾಫಿ ಸೋಸುತ್ತಿದ್ದರು. ತಿರುಗಿ ನೋಡದೆ, "ಯಾಕೆ?" ಅಂದರು.

"ನಿಮಗೆ ಇದು ನನ್ನಿಂದ ಬಂದದ್ದು ಅಂತ ನನಗೆ ಅನ್ನಿಸ್ತದೆ."

"ನಂಗೂ ಅನ್ನಿಸೈತೆ," ಅಂದರು, ಉಪ್ಪು ಖಾರದ ಮಾತಾಡಿದಷ್ಟೇ ಸಲೀಸಾಗಿ. "ಬಿಟ್ಟು ಏನ್ ಮಾಡ್ತೀಯ? ಮನೇಲಿ ಕುಂತು ನನ್ನ ಮುಖ ನೋಡ್ತೀಯಾ? ನೀನು ಅಲ್ಲಿ ಮಲಗಿದ್ರೆ ಅವನ್ಯಾವನೋ ಮ್ಯಾಲೆ ಬರೀತಾನೆ. ನಾನಿಲ್ಲಿ ಮಲಗಿದ್ರೆ ಯಾರೂ ಬರಿಯಾಕಿಲ್ಲ. ಸುಮ್ನೆ ಹೋಗು ಕೆಲಸಕ್ಕೆ."

ಸೂಪರ್‌ವೈಸರ್ ಅಂದ ಮಾತನ್ನು ನಾನು ಗಂಡನಿಗೆ ಹೇಳುವಾಗ ಅತ್ತೆ ಕೇಳಿಸಿಕೊಂಡಿದ್ದರು. ಅಲ್ಲಿಯವರೆಗೆ ನನ್ನ ಕೆಲಸ ಅವರಿಗೆ ಇಷ್ಟವಿಲ್ಲ ಎಂದೇ ನಾನು ತಿಳಿದಿದ್ದೆ. ಲೋಟ ನನ್ನ ಕೈಗೆ ಕೊಟ್ಟು ಅವರು ಹಿತ್ತಲಿಗೆ ಹೋದರು.

ಕೆಲಸ ಬಿಡಲಿಲ್ಲ. ಕಾಯಂ ಆದ ತಕ್ಷಣ ಹೊಸದುರ್ಗಕ್ಕೆ ವರ್ಗ ಕೇಳಿದೆ. ಅಲ್ಲಿನ ಎಕ್ಸ್‌ಚೇಂಜ್ ಚಿಕ್ಕದು, ಎ.ಸಿ. ಇಲ್ಲ, ಕಿರ್ರೆನ್ನುವ ಒಂದು ಫ್ಯಾನು. ಗಂಡ ಹೇಗೋ ಆ ಕಡೆಯ ಶಾಲೆಗೆ ಬಂದರು. ತವರು ಹತ್ತಿರವಾಯಿತೆಂದು ಅತ್ತೆಗೆ ಖುಷಿಯಾಯಿತು. ಹೊಸದುರ್ಗದ ಬಿಸಿಲೇನು ಕಡಿಮೆಯದಲ್ಲ, ಆದರೆ ಅಲ್ಲಿಗೆ ಹೋದ ಮೇಲೆ ಅವರಿಗೂ ತಲೆನೋವು ಬರಲಿಲ್ಲ, ನನಗೂ ಬರಲಿಲ್ಲ. ಅವತ್ತು ನೀವು ಮಾಡಿದ್ದಾದರೂ ಏನು ಎಂದು ಒಮ್ಮೆ ಕೇಳಿದೆ. "ಏನ್ ಮಾಡಿದ್ನೋ ಯಾರಿಗೊತ್ತು. ನೀನು ಅಳ್ತಿದ್ದೆ, ಕೈ ಇಟ್ಟೆ, ಅಷ್ಟೇ" ಅಂದರು. ಬೇರೆ ಯಾರ ನೋವಿಗೂ ಅವರು ಹಾಗೆ ಕೈ ಇಟ್ಟದ್ದನ್ನು ನಾನು ನೋಡಲಿಲ್ಲ. ತಮ್ಮ ಸ್ವಂತ ತಂಗಿಗೆ ಹಲ್ಲುನೋವು ಬಂದಾಗಲೂ ಲವಂಗ ಕೊಟ್ಟು ಕಳಿಸಿದರು.

ಆ ದಶಕ ಮುಗಿಯುವ ಮುನ್ನ ಅತ್ತೆ ತೀರಿಕೊಂಡರು. ಜ್ವರ ಬಂದು ಕೆಲವೇ ದಿನ ಮಲಗಿದ್ದರು, ತಲೆನೋವಿಗೂ ಅದಕ್ಕೂ ಸಂಬಂಧವಿರಲಿಲ್ಲ. ಅದಾಗಿ ಸ್ವಲ್ಪ ಸಮಯಕ್ಕೆ ನನ್ನನ್ನು ಮತ್ತೆ ಚಿತ್ರದುರ್ಗಕ್ಕೆ ಹಾಕಿದರು. ಅದೇ ಹಾಲ್, ಅದೇ ಎ.ಸಿ. ಹೋದದ್ದು ಬೇಸಿಗೆಯಲ್ಲೇ. ಮೊದಲ ದಿನ ಚೀಲದಲ್ಲಿ ಮಾತ್ರೆ, ಒದ್ದೆ ಕರವಸ್ತ್ರ ಎಲ್ಲ ಇಟ್ಟುಕೊಂಡು ಹೋದೆ. ತಲೆಯ ಮೇಲೆ ಸೆರಗನ್ನೂ ಹೊದೆಯದೆ ಬಸ್‌ಸ್ಟ್ಯಾಂಡಿನಿಂದ ಬೇಕೆಂದೇ ನಿಧಾನವಾಗಿ ನಡೆದೆ. ತಣ್ಣನೆಯ ಹಾಲಿನಲ್ಲಿ ಕೂತು, ಕಿವಿಗೆ ಫೋನು ಸಿಕ್ಕಿಸಿಕೊಂಡು, ಕಣ್ಣ ಮುಂದೆ ಆ ಗೆರೆ ಏಳುವುದನ್ನು ಕಾಯುತ್ತ ಕೂತೆ. ಡ್ಯೂಟಿ ಮುಗಿಯಿತು. ಏನೂ ಏಳಲಿಲ್ಲ. ಮರುದಿನವೂ ಇಲ್ಲ, ಆ ಬೇಸಿಗೆಯಲ್ಲೂ ಇಲ್ಲ, ಇವತ್ತಿನವರೆಗೂ ಇಲ್ಲ.

ಕೇಳಿದ ಡಾಕ್ಟರುಗಳು ವಯಸ್ಸಾಗುತ್ತ ಕೆಲವರಿಗೆ ತಾನಾಗಿ ನಿಲ್ಲುತ್ತದೆ ಎನ್ನುತ್ತಾರೆ. ನನಗೂ ಹಾಗೆಯೇ ನಿಂತಿರಬಹುದು. ಅತ್ತೆಯದಕ್ಕೆ ಅವರ ಹತ್ತಿರ ಉತ್ತರವಿಲ್ಲ, ನನ್ನ ಹತ್ತಿರವೂ ಇಲ್ಲ. ಒಂದು ಮಾತ್ರ ನಿಜ. ಆ ಮೊದಲ ದಿನ ಎ.ಸಿ. ಹಾಲಿನಲ್ಲಿ ಕೂತು, ನೋವು ಬರದಿರಲಿ ಎಂದು ನಾನು ಬೇಡಿಕೊಳ್ಳಲಿಲ್ಲ. ಬರಲಿ ಎಂದೇ ಕಾದೆ. ಅತ್ತೆ ಹೋಗುವಾಗ ಆ ನೋವನ್ನಾದರೂ ನನಗೆ ವಾಪಸು ಕೊಟ್ಟು ಹೋಗಿದ್ದಾರೆಯೇ ಎಂದು ನನಗೆ ತಿಳಿಯಬೇಕಿತ್ತು.