ಬಿಳಿ ಸಿಮೆಂಟಿನ ಕೆಳಗೆ ಕೆಂಪು ಕಂಬಿ

ಈಗಷ್ಟೇ ಬೆಳಕು ಹರಿಯುತ್ತಿದೆ. ನೀರು ಖಾಲಿ ಮಾಡಿದ ಈಜುಕೊಳದ ತಳದಲ್ಲಿ ಉಳಿ, ಸುತ್ತಿಗೆ ಹಿಡಿದು ಕುಕ್ಕರುಗಾಲಿನಲ್ಲಿ ಕೂತಿದ್ದಾಳೆ ತುಕ್ಕಿನಕ್ಕ. ಕೊಳಗಳ ತುಕ್ಕಿನ ಕಲೆ ತೆಗೆಯುವವಳಿಗೆ ಎಲ್ಲರೂ ಇಟ್ಟ ಹೆಸರು ಅದು. ಇವತ್ತು ಸುತ್ತಿಗೆಗಿಂತ ಬೈಗುಳದ ಸದ್ದೇ ಜೋರು. "ಯಾವ ಪುಣ್ಯಾತ್ಮ ಮಾಡಿದ್ದು ಇದು? ಹುಣ್ಣಿನ ಮೇಲೆ ಪೌಡರ್ ಬಳಿದ್ರೆ ವಾಸಿಯಾಗುತ್ತಾ?"

ಸಿಟ್ಟು ಬಾರದೆ ಇನ್ನೇನು? ನಿನ್ನೆ ಸಂಜೆ ಕಲೆಯ ಸುತ್ತ ಗಾರೆ ಒಡೆದು, ಒಳಗಿನ ಕಬ್ಬಿಣದ ಕಂಬಿ ಕಾಣುವಂತೆ ಮಾಡಿ ಹೋಗಿದ್ದಳು. ತುಕ್ಕು ತಿಂದ ತುಂಡನ್ನು ಇವತ್ತು ಕತ್ತರಿಸಬೇಕಿತ್ತು. ಅಷ್ಟರಲ್ಲಿ ಕೊಳದ ಮ್ಯಾನೇಜರು ಗುಂಡಿಗೆ ಬಿಳಿ ಸಿಮೆಂಟ್ ಮೆತ್ತಿಸಿದ್ದಾರೆ. ಮಾಲೀಕರು ನೋಡಲು ಬರುತ್ತಾರಂತೆ, ಗುಂಡಿ ಅಸಹ್ಯವಂತೆ!

ಹೋದ ವರ್ಷವೂ ಹೀಗೇ ಮುಚ್ಚಿದ್ದರು. ಆ ಗಾರೆ ಸಿಡಿದು, ಕಂಬಿಯ ಮೊನೆ ಆಕೆಯ ತಮ್ಮನ ಅಂಗಾಲು ಸೀಳಿತು. ಕೊಳದ ತಳ ಉಜ್ಜುವುದೇ ಅವನ ಕೆಲಸ. ಅಂದಿನಿಂದ ಕುಂಟುತ್ತಾನೆ, ತಳಕ್ಕೆ ಇಳಿಯುವುದೇ ಇಲ್ಲ. ಮೇಲೆ ನಿಂತು ಉದ್ದ ಕೋಲಿನ ಬ್ರಷ್ಷಿನಲ್ಲಿ ಉಜ್ಜುತ್ತಾನೆ. ಈಗಲೂ ಅಂಚಿನಲ್ಲೇ ನಿಂತು ಅಕ್ಕನಿಗೆ ಟಾರ್ಚ್ ಹಿಡಿದಿದ್ದಾನೆ.

"ತುಕ್ಕು ಹಿಡಿದ ಕಂಬಿ ಊದ್ಕೊಳ್ಳುತ್ತೆ, ಗಾರೆ ಒಡ್ಕೊಂಡು ಬರುತ್ತೆ. ಒಳ್ಳೆ ಕಂಬಿ ಸಿಗೋವರೆಗೂ ಅಗೀಬೇಕು" ಎನ್ನುತ್ತಾಳೆ. ಗಾರೆ ಕೆಲಸದ ಅಪ್ಪ ಕಲಿಸಿದ ವಿದ್ಯೆ ಇದು. ತಟ್ಟಿದಾಗ 'ಠಣ್' ಎಂದರೆ ಗಟ್ಟಿ, 'ಡಬ್' ಎಂದರೆ ಪೊಳ್ಳು.

ಸದ್ದು ಕೇಳಿ ಮ್ಯಾನೇಜರು ಓಡಿ ಬರುತ್ತಾರೆ. "ಅಯ್ಯೋ, ಮುಚ್ಚಿದ್ದನ್ನ ಒಡೀತಿದ್ದೀಯಲ್ಲಮ್ಮ! ಇವತ್ತೇ ನೀರು ತುಂಬಿಸ್ಬೇಕು. ನಾಳೆ ಮಕ್ಕಳು ಬರ್ತಾರೆ."

"ಮಕ್ಕಳು ಬರ್ತಾರೆ ಅಂತಾನೇ ಒಡೀತಿರೋದು, ಸಾರ್."

"ಮೇಲೆ ಬರ್ತೀಯೋ, ವಾಲ್ವ್ ತಿರುಗಿಸ್ಲೋ?"

ಆಕೆ ಸುತ್ತಿಗೆ ಕೆಳಗಿಟ್ಟು ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂರುತ್ತಾಳೆ. "ತಿರುಗಿಸಿ. ನನಗೆ ಈಜು ಬರಲ್ಲ."

ಮ್ಯಾನೇಜರು ವಾಲ್ವಿನ ಹತ್ತಿರ ಹೋಗುತ್ತಾರೆ. ಅಷ್ಟರಲ್ಲಿ ತಮ್ಮ ಕುಂಟುತ್ತಾ ಬಂದು ಅಡ್ಡ ನಿಂತಿದ್ದಾನೆ. ಕೊನೆಗೆ ಮ್ಯಾನೇಜರು ಗೊಣಗುತ್ತಾ ಮಾಲೀಕರಿಗೆ ಫೋನ್ ಮಾಡಿ, ಕೊಳ ತೆರೆಯುವುದು ತಡವಾಗುತ್ತದೆ ಎನ್ನುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ತುಕ್ಕು ಹಿಡಿದ ತುಂಡು ಹೊರಗೆ ಬಿದ್ದಿದೆ, ಗುಂಡಿಯಲ್ಲಿ ಹೊಸ ಗಾರೆ ತುಂಬಿದೆ. ಆಮೇಲೂ ಆಕೆ ಮೇಲೆ ಬರುವುದಿಲ್ಲ. ಮೂಲೆ ಮೂಲೆ ತಟ್ಟುತ್ತಾ, ಕಿವಿಗೊಡುತ್ತಾ ತಳವನ್ನೆಲ್ಲ ಸುತ್ತುತ್ತಾಳೆ. ಇಷ್ಟೆಲ್ಲಾ ಯಾಕಕ್ಕಾ ಎಂದು ತಮ್ಮ ಕೇಳಿದರೆ ಮುಂದಿನ ಮೂಲೆಗೆ ಸರಿಯುತ್ತಾಳೆ. ಕೊನೆಯ ಮೂಲೆಯೂ 'ಠಣ್' ಎಂದ ಮೇಲೆ ಬೆವರು ಒರೆಸಿಕೊಂಡು ತಲೆಯೆತ್ತುತ್ತಾಳೆ.

"ಚಪ್ಪಲಿ ಬಿಟ್ಟು ಇಳಿಯೋ. ಆ ಹಸಿ ಗಾರೆ ಒಂದನ್ನ ಬಿಟ್ಟು ಎಲ್ಲಿ ಬೇಕಾದ್ರೂ ಕಾಲಿಡು."