ಯಾರದೂ ಅಲ್ಲದ ಕಣ

ಬೈರಸಂದ್ರದ ಅಕ್ಕಯಮ್ಮನ ಬಾಯಿ ಊರಿಗೇ ಗೊತ್ತು. ಬಾವಿಕಟ್ಟೆಯಲ್ಲಿ ಅವಳ ಸರದಿಗೆ ಅಡ್ಡಬಂದವರ ಏಳು ತಲೆಮಾರನ್ನೂ ಜಾಲಾಡಿಬಿಡುತ್ತಿದ್ದಳು. ಅಂಥವಳು ಮಾತಾಡಲೇಬೇಕಾಗಿದ್ದ ದಿನ ಎಡವಿದಳು.

ಊರಾಚೆ ಒಂದು ಕಣವಿತ್ತು. ಸುಗ್ಗಿಯಲ್ಲಿ ಎಲ್ಲರೂ ಅಲ್ಲೇ ರಾಗಿ ಒಕ್ಕುತ್ತಿದ್ದರು. ರಾಶಿ ಮನೆ ಸೇರಿದ ಮೇಲೆ ಅಕ್ಕಯಮ್ಮ ಕಣ ಗುಡಿಸಿ, ಸಗಣಿ ಸಾರಿಸಿ, ಮಕ್ಕಳನ್ನು ಒಳಗೆ ಬಿಡುತ್ತಿದ್ದಳು. ಮುಂದಿನ ಸುಗ್ಗಿಯವರೆಗೆ ಅಲ್ಲಿ ಬುಗುರಿ, ಚಿನ್ನಿದಾಂಡು, ಕುಂಟೆಬಿಲ್ಲೆಗಳದೇ ದರ್ಬಾರು. ದೊಡ್ಡವರು ಒಂದು ಕರು ಕೂಡ ಕಟ್ಟುವಂತಿರಲಿಲ್ಲ. ಕಣವನ್ನು ನಮ್ಮದು ಎಂದರೆ ರಾಶಿಯ ಹುಲುಸು ಹೋಗುತ್ತದೆ ಎನ್ನುವುದು ಹಿರಿಯರ ಕಟ್ಟಳೆ.

ಐವತ್ತರ ದಶಕ ಮುಗಿಯುವಷ್ಟರಲ್ಲಿ ಜಯನಗರದ ಸೈಟುಗಳು ಹೊಲಗಳನ್ನು ನುಂಗುತ್ತ ಕಣದ ಹತ್ತಿರ ಬಂದವು. ಒಂದು ಬೆಳಿಗ್ಗೆ ಅಳತೆಯ ಸರಪಳಿಯೊಂದಿಗೆ ಬಂದ ಅಧಿಕಾರಿ, ಈ ಬಯಲು ಯಾರದು ಎಂದು ಕೇಳಿದರು. ಗಂಡಸರೆಲ್ಲ ಪೇಟೆಗೆ ಹೋಗಿದ್ದರು. ಎದುರಿಗಿದ್ದವಳು ಅಕ್ಕಯಮ್ಮ.

"ಯಾರ್ದೂ ಅಲ್ಲ ಸಾಮಿ," ಅಂದಳು.

ಮಕ್ಕಳು ಆಡುವ ಜಾಗ ಎನ್ನಲು ಅವಳಿಗೆ ತೋಚಲೇ ಇಲ್ಲ. ಅಲ್ಲೇ ಕಣ್ಣೆದುರಿಗೆ ಆಡುತ್ತಿದ್ದವಲ್ಲ! ಅಧಿಕಾರಿ ಯಾರದೂ ಅಲ್ಲದ ಖಾಲಿ ಜಾಗವೆಂದು ಬರೆದುಕೊಂಡು ಹೋದರು.

ಎರಡು ವರ್ಷದಲ್ಲಿ ಕಣದ ಮೇಲೆ ನಾಲ್ಕು ಮನೆ ಎದ್ದವು, ಸುತ್ತ ಕಾಂಪೌಂಡು. ಹೊಸ ಪಾರ್ಕಿಗೆ ಹೋದರೆ ಹುಲ್ಲು ಹಾಳಾಗುತ್ತದೆಂದು ಮಾಲಿ ಅಟ್ಟಿದ. ಮಕ್ಕಳು ರಸ್ತೆಗೆ ಇಳಿದರು. ಮನೆ ಕಟ್ಟುವ ಸೈಜುಗಲ್ಲು ತುಂಬಿದ ಲಾರಿಯೊಂದು ಅಕ್ಕಯಮ್ಮನ ಮೊಮ್ಮಗಳು ಸರಸ್ವತಿಯ ಪಾದದ ಮೇಲೆ ಹರಿಯಿತು. ಜೀವ ಉಳಿಯಿತು, ಕಾಲು ಸೊಟ್ಟಗಾಯಿತು.

ಅಕ್ಕಯಮ್ಮ ಸೈಟು ಹಂಚುವ ಕಚೇರಿಗೆ ನಡೆದು ಹೋಗಿ, ಮಕ್ಕಳಿಗೆ ಒಂದೇ ಒಂದು ಸೈಟು ಬಿಡಿ ಎಂದು ಕೈಮುಗಿದಳು. ಗುಮಾಸ್ತ ಕಡತ ತೆಗೆದು ಅವಳ ಮಾತನ್ನೇ ಅವಳಿಗೆ ಓದಿ ಹೇಳಿದ. ಮನೆಗೆ ಬಂದು ಒಲೆಯ ಮುಂದೆ ಕೂತು ಬಿಕ್ಕಿದಳು. ಸರಸ್ವತಿ ಕುಂಟುತ್ತ ಬಂದು ಪಕ್ಕದಲ್ಲಿ ಕೂತಳು.

"ಮಕ್ಳದು ಅಂತ ಒಂದ್ ಮಾತು ಹೇಳಿದ್ರೆ ಏನಾಗ್ತಿತ್ತು ಅಜ್ಜಿ?"

ಊರಿನ ಬಾಯೆಲ್ಲ ಮುಚ್ಚಿಸಿದ್ದ ಅಕ್ಕಯಮ್ಮ ಮೊಮ್ಮಗಳ ಸೊಟ್ಟಗಾಲನ್ನು ಮಡಿಲಿಗೆ ಎಳೆದುಕೊಂಡು ನೀವತೊಡಗಿದಳು.

ಅಲ್ಲಿಂದಾಚೆಗೆ ಅಳತೆಯವರು ಎಲ್ಲಿ ಸರಪಳಿ ಬಿಚ್ಚಿದರೂ ಅವಳು ಹೋಗಿ ನಿಲ್ಲುತ್ತಿದ್ದಳು. ಗುಂಡುತೋಪಾಗಲಿ, ಬತ್ತಿದ ಕಟ್ಟೆಯಾಗಲಿ, ಇನ್ನೊಬ್ಬರ ತೊಗರಿ ಹೊಲವೇ ಆಗಲಿ, ಅವಳದು ಒಂದೇ ಮಾತು.

"ಇದು ಮಕ್ಳದು ಸಾಮಿ. ಬರ್ಕೊಳ್ಳಿ."

ಅವರು ನಗುತ್ತಿದ್ದರು. ಅವಳು ಸಾಯುವವರೆಗೂ ಒಬ್ಬರೂ ಬರೆದುಕೊಳ್ಳಲಿಲ್ಲ.