ಕಲ್ಲುಗಳ ಊರು ಬಲ್ಲ ಮುನಿಯಪ್ಪಣ್ಣ

ನಂಬಲು ಆಗುತ್ತಿಲ್ಲ...
ಬೆಳಿಗ್ಗೆ ಜಿಗಣಿಯಿಂದ ಮುನಿಯಪ್ಪಣ್ಣನ ಮಗಳ ಫೋನ್.
"ಅಪ್ಪ ಹೋಗ್ಬಿಟ್ರು ಚಿಕ್ಕಪ್ಪ" ಎಂದಳು.
ಈ ಭಾನುವಾರ ಖಂಡಿತ ಬರುತ್ತೇನೆ ಎಂದು ಮೊನ್ನೆಯಷ್ಟೇ ಅವರಿಗೆ ಹೇಳಿದ್ದೆ...

ನಮ್ಮ ಹಳೆಯ ಸ್ಕೂಲಿನವರಿಗೆ ಅವರ ಪರಿಚಯ ಬೇಕಿಲ್ಲ.
ಉಳಿದವರಿಗಾಗಿ ಬರೆಯುತ್ತೇನೆ.

ಎಪ್ಪತ್ತರ ದಶಕ. ಪೀಣ್ಯದ ಆಚೆ ನಮ್ಮ ಯೂನಿವರ್ಸಿಟಿಯ ಇಂಜಿನಿಯರಿಂಗ್ ಮತ್ತು ಭೂವಿಜ್ಞಾನ ಸ್ಕೂಲ್ ಇತ್ತು.
ಎರಡಕ್ಕೂ ಒಂದೇ ಕಟ್ಟಡ...
ಎಡಗಡೆ ಲೇತ್ ಮಷಿನ್‌ಗಳು. ಬಲಗಡೆ ಕಲ್ಲುಗಳು.
ನಾನು ಆಫೀಸಿನ ಗುಮಾಸ್ತ. ಮುನಿಯಪ್ಪಣ್ಣ ಕಲ್ಲಿನ ಕೋಣೆಯ ಅಟೆಂಡರ್.

ವಿದ್ಯಾರ್ಥಿಗಳು ಊರೂರು ಸುತ್ತಿ ಚೀಲದಲ್ಲಿ ಕಲ್ಲು ತರುತ್ತಿದ್ದರು.
ಮುನಿಯಪ್ಪಣ್ಣ ಪ್ರತಿ ಕಲ್ಲಿಗೂ ಉಗುರಿನಷ್ಟು ಬಿಳಿ ಪೇಂಟ್ ಹಚ್ಚಿ, ಅದರ ಮೇಲೆ ಕಪ್ಪು ಮಸಿಯಲ್ಲಿ ನಂಬರ್ ಬರೆಯುತ್ತಿದ್ದರು.
ಯಾವ ಊರು, ಯಾರ ಹೊಲ, ಎಷ್ಟು ಆಳ... ಎಲ್ಲವೂ ರಿಜಿಸ್ಟರಿನಲ್ಲಿ.
ನಿಜವಾದ ಬಣ್ಣ ಕಾಣಲೆಂದು ಕಲ್ಲನ್ನು ನೆಕ್ಕಿ ನೋಡುವ ಅಭ್ಯಾಸ ಬೇರೆ.
ಇಂಜಿನಿಯರಿಂಗ್‌ನವರು ಬಿಡುತ್ತಾರೆಯೇ...
"ಏನ್ ಮುನಿಯಪ್ಪಣ್ಣ, ಉಪ್ಪು ಸರಿಯಾಗೈತಾ?"
"ನಿಮ್ ಮೆಸ್ ಸಾರಿಗಿಂತ ವಾಸಿ ಕಣ್ರಪ್ಪ."

ಎಂಬತ್ತರ ದಶಕದಲ್ಲಿ ಸ್ಕೂಲ್ ಮುಚ್ಚಿತು.
ಇಂಜಿನಿಯರಿಂಗ್ ಒಂದು ಕಡೆ, ಭೂವಿಜ್ಞಾನ ಇನ್ನೊಂದು ಕಡೆ ಹೋಯಿತು.
ಬೋರ್ಡ್ ಇಳಿಸಿದರು...
ಶಿಫ್ಟಿಂಗ್ ದಿನ ರದ್ದಿ ಕಾಗದ ಕಟ್ಟಿ ಕಳಿಸುವುದು ನನ್ನ ಕೆಲಸವಾಗಿತ್ತು.
ಅವಸರದಲ್ಲಿ ಕಲ್ಲಿನ ರಿಜಿಸ್ಟರನ್ನೂ ಅದರೊಳಗೆ ಕಟ್ಟಿಬಿಟ್ಟೆ.
ಗೊತ್ತಾಗುವಷ್ಟರಲ್ಲಿ ರದ್ದಿಯ ಲಾರಿ ಹೋಗಿ ಎರಡು ವಾರವಾಗಿತ್ತು.

ಮುನಿಯಪ್ಪಣ್ಣ...
ನೀವು ಯಾರ ಮುಂದೆಯೂ ನನ್ನ ಹೆಸರು ಎತ್ತಲಿಲ್ಲ.
"ಬಿಡಯ್ಯ, ಎಲ್ಲಾ ನನ್ ತಲೇಲೈತೆ. ಒಂದಿನ ಕುಂತ್ಕಂಡು ನಾನ್ ಯೋಳ್ತೀನಿ, ನೀನ್ ಬರ್ಕೊ" ಎಂದಿರಿ.
ಆ ಒಂದು ದಿನವನ್ನು ಎಷ್ಟು ವರ್ಷ ಮುಂದೂಡಿದೆ ಅಣ್ಣ...
ಆಫೀಸು, ಮಗಳ ಮದುವೆ, ಮಂಡಿನೋವು, ಟ್ರಾಫಿಕ್...

ಹೋದ ವರ್ಷ ಒಂದೇ ಒಂದು ಸಲ, ಕಲ್ಲುಗಳ ಮೇಲಿನ ನಂಬರ್ ಬರೆದುಕೊಂಡ ನೋಟ್‌ಬುಕ್ ಹಿಡಿದು ನಿಮ್ಮ ಮನೆಗೆ ಬಂದೆ.
ನಾನು ನಂಬರ್ ಹೇಳಿದರೆ ನೀವು ಕಣ್ಣು ಮುಚ್ಚಿ ಊರು ಹೇಳುತ್ತಿದ್ದಿರಿ.
ಮಾದನಾಯಕನಹಳ್ಳಿಯ ಕರಿಕಲ್ಲು, ಬಾವಿ ತೋಡುವಾಗ ಸಿಕ್ಕಿದ್ದು.
ಆ ಬಾವಿಯ ಮೇಲೆ ಈಗ ಗೋಡೌನ್ ಇದೆ.
ವರ್ತೂರು ಕೆರೆ ಕೋಡಿಯ ಬಿಳಿಗಲ್ಲು.
ತಂದವನು ಅಲ್ಲೇ ಈಜಾಡಿ, ಒದ್ದೆ ಬಟ್ಟೆಯಲ್ಲೇ ಬಸ್ ಹತ್ತಿ ಕಂಡಕ್ಟರ್ ಹತ್ತಿರ ಬೈಸಿಕೊಂಡಿದ್ದನಂತೆ...
ಹದಿನಾಲ್ಕು ಕಲ್ಲು ಮುಗಿಯುವಷ್ಟರಲ್ಲಿ ಕಾಫಿ ಬಂತು.
ಮಾತು ಬೇರೆ ಕಡೆ ಹೋಯಿತು.
ಉಳಿದದ್ದು ಮುಂದಿನ ಸಲ ಎಂದು ಎದ್ದುಬಿಟ್ಟೆ...

ಆ ಕಲ್ಲುಗಳು ಭೂವಿಜ್ಞಾನ ಡಿಪಾರ್ಟ್‌ಮೆಂಟಿನ ಕಪಾಟಿನಲ್ಲಿ ಇನ್ನೂ ಇವೆ. ನಿಮ್ಮ ನಂಬರ್‌ಗಳೂ ಮಾಸಿಲ್ಲ.
ಅವು ಎಲ್ಲಿಯವು ಎಂದು ಇನ್ನು ಯಾರನ್ನು ಕೇಳಲಿ...

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ.
ಕೆಳಗೆ ಕೈಮುಗಿಯುವ ಚಿತ್ರ ಹಾಕಿ ಮುಂದೆ ಹೋಗಬೇಡಿ.
ನೀವು ತಂದ ಕಲ್ಲು ಹೇಗಿತ್ತು, ಯಾವ ಊರಿನದು, ಯಾರ ಹೊಲದ್ದು... ನೆನಪಿದ್ದಷ್ಟು ಬರೆಯಿರಿ.
ಒಂದೇ ಕಲ್ಲಾದರೂ ಸರಿ.
ಪೆನ್ನು ಹಿಡಿದು ಕುಳಿತಿದ್ದೇನೆ.

ಹೋಗಿ ಬನ್ನಿ ಮುನಿಯಪ್ಪಣ್ಣ...
ನಿಮ್ಮ ಆತ್ಮ ತಣ್ಣಗಿರಲಿ.